ಕಸದ ಡಬ್ಬಿಗೊಂದು ಹೆಸರು

ಜನವರಿ 8, ಗುರುವಾರ, ಸಂಜೆ

ಇವತ್ತು ನಾಲ್ಕು ಕಡೆ ಹೋದೆ. ನಾಲ್ಕೂ ಕಡೆ ಟೀ ಸಿಕ್ಕಿತು, ದುಡ್ಡು ಸಿಗಲಿಲ್ಲ. ಹೊಟ್ಟೆಯಲ್ಲಿ ಇನ್ನೂ ಟೀ ಕುಲುಕಾಡ್ತಾ ಇದೆ.

ಬೇಕರಿಯವರು — "ಮೇಡಂ, ನಮ್ಮ ಅಂಗಡಿ ಹೆಸರು ಕಸದ ಡಬ್ಬಿ ಮೇಲೆ ಬಂದ್ರೆ, ಒಳಗಿರೋದೂ ನಮ್ಮದೇ ಮಾಲು ಅಂದ್ಕೊಳ್ಳಲ್ವಾ ಜನ?" ಹಲ್ಲಿನ ಡಾಕ್ಟರು ಡಬ್ಬಿಯ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ಬಾಯಿ ತೆರ್ಕೊಂಡಿದೆಯಲ್ರೀ! ಇದರ ಮೇಲೆ ನನ್ನ ಹೆಸರಾ?" ತಾವೇ ನಕ್ಕರು. ನಾನೂ ನಕ್ಕೆ. ನಗು ಮುಗಿದ ಮೇಲೆ ಚಿತ್ರವನ್ನು ನನ್ನ ಕಡೆ ತಳ್ಳಿದರು. ಬಟ್ಟೆ ಅಂಗಡಿಯವರು ಮಗ ಬರಲಿ ಅಂದರು. ಮಗ ಅಲ್ಲೇ ಇದ್ದ, ಬೆನ್ನು ಮಾಡಿಕೊಂಡು. ಒಡವೆ ಅಂಗಡಿಯವರು ಬಸ್ ಸ್ಟ್ಯಾಂಡಿಗೆ ದೊಡ್ಡ ಗಡಿಯಾರ ಕೊಡ್ತಾರಂತೆ. ಬೆಂಚು ಬೇಕಾದರೂ ಸರಿಯಂತೆ. "ಬೇರೆ ಏನಾದ್ರೂ ಕೇಳಿ ಮೇಡಂ, ಇಲ್ಲ ಅನ್ನಲ್ಲ."

ಬೇರೆ ಏನೂ ಬೇಡ. ನಲವತ್ತು ಜೋಡಿ ಡಬ್ಬಿ ಬೇಕು. ಒಂದು ಕಸಕ್ಕೆ. ಪಕ್ಕದಲ್ಲೇ ಇನ್ನೊಂದು, ಬಾಟಲಿ, ಕಾಗದ, ತಗಡು… ಮರುಬಳಕೆಗೆ. ಅರ್ಧ ಖರ್ಚನ್ನು ನಾವು ದಾನಿಗಳಿಂದ ತಂದರೆ ಉಳಿದರ್ಧ ಸರ್ಕಾರದ್ದು. ಮಾರ್ಚ್ ಕೊನೆಯೊಳಗೆ. ಇಲ್ಲದಿದ್ದರೆ ಆ ಅರ್ಧ ಬೇರೆ ಊರಿಗೆ.

ಪುರಸಭೆಯ ಮೀಟಿಂಗಲ್ಲಿ ಮುಖ್ಯಾಧಿಕಾರಿ ಮೇಡಂ ಇದನ್ನು ಓದಿದಾಗ ಎಲ್ಲರೂ ಮೇಜು ನೋಡ್ತಾ ಕೂತರು. ನಾನು ಬಾಯಿ ಬಿಟ್ಟೆ — "ನಾನು ಪ್ರಯತ್ನ ಮಾಡ್ತೀನಿ ಮೇಡಂ." ಯಾಕೆ ಬೇಕಿತ್ತು? ಆರೋಗ್ಯ ವಿಭಾಗದ ಗುಮಾಸ್ತೆ ನಾನು. ಜನನ-ಮರಣ ದಾಖಲೆ ಬರ್ಕೊಂಡು ತಣ್ಣಗಿದ್ದೆ.

ಜನವರಿ 9

ಲೆಕ್ಕದ ಅಧಿಕಾರಿ ಕೇಳಿದರು, "ಏನಾಯ್ತು ನಿಮ್ಮ ಡಬ್ಬಿ?" ಇವರಿಗೆ ಅಪ್ಪ-ಅಮ್ಮ ಇಟ್ಟ ಹೆಸರು ಬೇರೆ. ಏನು ಕೇಳಿದರೂ "ಇಲ್ಲಪ್ಪ" ಅನ್ನೋದರಿಂದ ಆಫೀಸಿಗೆಲ್ಲ ಇಲ್ಲಪ್ಪನವರು. ಹೆಂಗಸರು ಕೇಳಿದರೂ ಇಲ್ಲಪ್ಪ.

ಆಗುತ್ತೆ ಸರ್ ಅಂದೆ. ತಲೆ ಅಲ್ಲಾಡಿಸಿದರು. ಹೌದು ಅಂತಲೋ ಇಲ್ಲ ಅಂತಲೋ ತಿಳಿಯಲಿಲ್ಲ.

ಬರುವಾಗ ಮಾರ್ಕೆಟ್ ರಸ್ತೆಯಲ್ಲಿ ಒಬ್ಬ ಬಾಳೆಹಣ್ಣು ತಿಂದು ಸಿಪ್ಪೆ ಹಿಡ್ಕೊಂಡು ಅತ್ತ ಇತ್ತ ನೋಡಿದ. ನಿಜವಾಗಿಯೂ ಹುಡುಕಿದ ಪಾಪ. ಆಮೇಲೆ ಕೈ ಬಿಟ್ಟ. ಸಿಪ್ಪೆ ಬಿತ್ತು. ಅವನನ್ನು ಬೈಯೋಕೆ ನನಗೆ ಬಾಯಿ ಬರಲಿಲ್ಲ.

ಜನವರಿ 13, ಮಧ್ಯಾಹ್ನ, ಆಫೀಸಿನಲ್ಲೇ

ನೀರಿನ ಬಾಟಲಿ ಕಂಪನಿಯವನು ಬಂದಿದ್ದ. ಮಾರ್ಕೆಟಿಂಗ್ ಮ್ಯಾನೇಜರಂತೆ. ಊರಲ್ಲಿ ಬೀಳುವ ಬಾಟಲಿಗಳಲ್ಲಿ ಅರ್ಧಕ್ಕರ್ಧ ಅವರದೇ. ನಾನು ಅದನ್ನು ಹೇಳಲಿಲ್ಲ. ಅವನಾಗೇ ಹೇಳಿದ — "ನಮ್ಮ ಲೋಗೋ ಹೇಗೂ ಚರಂಡೀಲಿ ಬಿದ್ದಿರುತ್ತೆ ಮೇಡಂ, ಡಬ್ಬಿ ಮೇಲಾದ್ರೂ ನೆಟ್ಟಗೆ ನಿಲ್ಲಲಿ." ಮನುಷ್ಯ ಹಿಡಿಸಿದ.

ಆದರೆ ಹದಿನೈದು ದಿನ ಬೇಕು, ಮೇಲಿನವರನ್ನು ಕೇಳಬೇಕು. ಲೋಗೋ ಎರಡು ಕಡೆ ಬರಬೇಕು.

ಹದಿನೈದು ದಿನ! ಕೂತಲ್ಲಿ ಕೂರೋಕಾಗ್ತಿಲ್ಲ.

ಜನವರಿ 18, ಭಾನುವಾರ

ಮಾವನನ್ನು ಕರ್ಕೊಂಡು ನಾವಿಬ್ಬರೂ ಕೆರೆ ಕಡೆ ಹೋಗಿದ್ದೆವು. ಇವರು ಕಾರು ಓಡಿಸ್ತಿದ್ದರು. ಮಾವ ಪಕ್ಕದ ಸೀಟಲ್ಲಿ. ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದ ಕಾಲು — ತಿರುವು ಬಂದಾಗೆಲ್ಲ ಇಲ್ಲದ ಬ್ರೇಕನ್ನು ಒತ್ತುತ್ತೆ. ಇವರಿಗೆ ಸಿಟ್ಟು ಬರುತ್ತೆ. "ಅಪ್ಪಾ, ನಂಗೆ ಲೈಸೆನ್ಸ್ ಬಂದು ಇಪ್ಪತ್ತು ವರ್ಷ ಆಯ್ತು." "ಕೊಡಿಸಿದ್ದು ನಾನೇ. ಅದಕ್ಕೇ ಭಯ."

ಕೆರೆ ಏರಿ ತುಂಬ ಬಾಟಲಿ, ಚಿಪ್ಸ್ ಪಾಕೀಟು. ಮಾವ ನಿಂತು ನೋಡಿದರು. ಅತ್ತೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಬಗ್ಗಿರುತ್ತಿದ್ದರು. ಎಲ್ಲಿಗೆ ಹೋದರೂ ಕೈಚೀಲದಲ್ಲಿ ಒಂದು ಖಾಲಿ ಚೀಲ. ಮದುವೆಮನೆಗೂ ಸೈ. ಬೇರೆಯವರು ಎಸೆದದ್ದನ್ನು ಎತ್ತಿ ಮಡಿಸಿ ಮನೆಗೆ ತರೋರು. ಯಾರಿಗೂ ಉಪದೇಶ ಮಾಡಿದ್ದು ನಾನು ಕೇಳಿಲ್ಲ. ಹೋಗಿ ಒಂದು ವರ್ಷ ದಾಟಿತು.

ನನ್ನ ಅಲೆದಾಟದ ಕಥೆ ಹೇಳಿದೆ. ಹಲ್ಲಿನ ಡಾಕ್ಟರ ಮಾತಿಗೆ ಮಾವ ಜೋರಾಗಿ ನಕ್ಕರು. ಮನೆ ಹತ್ತಿರ ಬಂದಾಗ ಕೇಳಿದರು, "ಯಾರು ದುಡ್ಡು ಕೊಟ್ರೂ ಹೆಸರು ಹಾಕ್ತಾರಾ?"

ಹಾಕ್ತಾರೆ ಮಾವ ಅಂದೆ. ಅಷ್ಟೇ ಅಂದೆ. ಅಷ್ಟೇ ಅಂದಿದ್ದು ನಾನು.

ಜನವರಿ 20, ಬೆಳಗ್ಗೆ

ಟೀ ಕೊಡುವಾಗ ಮಾವ, "ನೋಡಮ್ಮಾ, ಕೂತ್ಕೋ."

ಡ್ರೈವಿಂಗ್ ಸ್ಕೂಲ್ ಮಾರಿದ ದುಡ್ಡಿದೆಯಲ್ಲ. ಅದರಲ್ಲಿ ನನ್ನ ಡಬ್ಬಿಗಳಿಗೆ ಬೇಕಾದ ಅರ್ಧವನ್ನು ಕೊಡ್ತಾರಂತೆ. ಪೂರ್ತಿ ಅರ್ಧ. ಪ್ರತಿ ಜೋಡಿಯ ಮೇಲೂ ಅತ್ತೆಯ ಹೆಸರು. "ಕಲ್ಲಲ್ಲಿ ಕೆತ್ತಿಸಿ ಯಾರೂ ಹೋಗದ ಕಡೆ ನಿಲ್ಲಿಸೋದಕ್ಕಿಂತ ಇದು ಮೇಲು. ಅವಳು ಓಡಾಡಿದ ಬೀದಿ. ಅವಳ ಕೆಲಸ."

ಮೊದಲು ಖುಷಿ ಆಯಿತು. ಬರ್ಕೋತೀನಿ, ಯಾರು ನೋಡ್ತಾರೆ — ಮೊದಲು ಆಗಿದ್ದು ಬರೀ ಖುಷಿ. ಓಡಿಹೋಗಿ ಇಲ್ಲಪ್ಪನವರ ಮುಂದೆ ನಿಲ್ಲಬೇಕು ಅನ್ನಿಸಿತು. ಕಣ್ಣಲ್ಲಿ ನೀರು ಬಂದದ್ದು ಆಮೇಲೆ.

ಮನೆಯಲ್ಲಿ ಎಲ್ಲರಿಗೂ ಹೇಳಿ ಮಾವ ಅಂದೆ. "ಹೇಳ್ತೀನಿ ಹೇಳ್ತೀನಿ."

ಸಂಜೆ — ಮೇಡಂಗೆ ಹೇಳಿಬಿಟ್ಟೆ. ತಡಕೊಳ್ಳಲಾಗಲಿಲ್ಲ. ಕೈ ಹಿಡಿದು ಕುಲುಕಿದರು. "ಎಂಥಾ ಮಾವ ರೀ ನಿಮಗೆ!"

ಜನವರಿ 22

ಇವರಿಗೆ ಮಾವ ಹೇಳಿದರು. ಇವರು ಊಟ ಬಿಟ್ಟು ಎದ್ದು, ತಮ್ಮ ಕನ್ನಡಕದ ಅಂಗಡಿಯಿಂದ ತಂದಿದ್ದ ಫ್ರೇಮುಗಳನ್ನು ಒಂದೊಂದಾಗಿ ಒರೆಸುತ್ತಾ ಕೂತರು. ಸಿಟ್ಟು ಬಂದರೆ ಒರೆಸೋದು ಇವರ ಅಭ್ಯಾಸ.

ಏನ್ರೀ ಅಂದೆ. "ಏನಿಲ್ಲ."

ಏನೋ ಇದೆ.

ಜನವರಿ 25, ಭಾನುವಾರ, ಸಂಜೆ

ಪಾತ್ರೆ ಹಾಗೇ ಬಿಟ್ಟು ಕೂತಿದ್ದೀನಿ. ಬರೆದರೆ ಮನಸ್ಸು ನಿಲ್ಲಬಹುದು.

ನಾದಿನಿ ಹನ್ನೊಂದರ ಹೊತ್ತಿಗೆ ಬಂದಳು. ಇವರು ಫೋನ್ ಮಾಡಿದ್ದರಂತೆ. ಚಪ್ಪಲಿ ಬಿಡುವ ಮೊದಲೇ — "ಅಪ್ಪಾ, ನಿಜಾನಾ? ಅಮ್ಮನ ಹೆಸರು ಕಸದ ಡಬ್ಬಿ ಮೇಲಾ?"

"ಅವಳಿಗೆ ಇಷ್ಟವಾದ ಕೆಲಸ ಅಲ್ವೇನೇ."

"ಜನ ಅದರ ಮೇಲೆ ಉಗೀತಾರೆ. ನಾಯಿ ಕಾಲೆತ್ತುತ್ತೆ. ಅಮ್ಮನ ಹೆಸರಿನ ಮೇಲೆ!"

ಅವಳಿಗೆ ಬೇರೆ ಆಸೆ ಇತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಅವಳಿಗೆ. ಅತ್ತೆ ಅಲ್ಲೇ ಇದ್ದದ್ದು, ಕೊನೆಯ ತಿಂಗಳುಗಳಲ್ಲಿ. ವಾರ್ಡಿನ ಹೊರಗೆ ಕೂರೋಕೆ ಒಂದು ಕುರ್ಚಿ ಇರಲಿಲ್ಲ, ಗೋಡೆಗೆ ಒರಗಿ ನಿಂತೇ ಕಳೆದಳು. ಅಲ್ಲಿ ಅಮ್ಮನ ಹೆಸರಲ್ಲಿ ಕುರ್ಚಿಗಳನ್ನು ಹಾಕಿಸಬೇಕು ಅಂತ. ಅದರಲ್ಲಿ ತಪ್ಪೇನಿದೆ? ನನಗೂ ಸರಿ ಅನ್ನಿಸಿತು. ಹೇಳೋ ಧೈರ್ಯ ಬರಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದಳು. "ಅತ್ತಿಗೆ, ಇದು ನೀವೇ ತಲೆಗೆ ತುಂಬಿದ್ದು. ನಿಮ್ಮ ಟಾರ್ಗೆಟ್ ಮುಗಿಸೋಕೆ ನಮ್ಮಮ್ಮನೇ ಸಿಕ್ಕಿದ್ದಾ?"

ಇಲ್ಲ ಅಂದೆ. ಯಾರಿಗೂ ಕೇಳಿಸಲಿಲ್ಲ. ಮಾವ "ಅವಳೇನೂ ಹೇಳಿಲ್ಲ, ನಾನೇ" ಅನ್ನುತ್ತಿದ್ದರು. ಆಗ ಇವರು ಬಾಯಿ ಬಿಟ್ಟರು. ಮದುವೆಯಾಗಿ ಇಷ್ಟು ವರ್ಷಕ್ಕೆ ಆ ದನಿ ನಾನು ಕೇಳಿರಲಿಲ್ಲ.

"ಶಾಲೇಲಿ ನಮ್ಮನ್ನ ಏನಂತ ಕರೀತಿದ್ರು ಗೊತ್ತಾ ಅಪ್ಪಾ?"

ಮಾವ ನೋಡಿದರು.

"ಕಸದಮ್ಮನ ಮಕ್ಕಳು. ಇಡೀ ಶಾಲೆ. ಅಮ್ಮ ಬೀದೀಲಿ ಬಗ್ಗಿ ಎತ್ತುತ್ತಾ ಬರ್ತಿದ್ರೆ ಹುಡುಗರು ನನ್ನ ಮುಂದೇನೇ ಕಾಗದ ಉಂಡೆ ಮಾಡಿ ಎಸೀತಿದ್ರು, ಎತ್ಕೊಳ್ಳಿ ಅಂತ. ನಾನು ಹಿಂದಿನ ಗೇಟಿಂದ ಹೋಗ್ತಿದ್ದೆ. ಈಗ ನೀವು ಅದೇ ಹೆಸರನ್ನ ನಲವತ್ತು ಕಡೆ ನಿಲ್ಲಿಸ್ತೀನಿ ಅಂತೀರಾ?"

ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಯಾರೂ ಏಳಲಿಲ್ಲ. ವಾಸನೆ ಬಂದ ಮೇಲೆ ನಾನು ಹೋದೆ. ಅಲ್ಲಿಂದಲೇ ಕೇಳಿಸಿತು, ಮಾವನ ದನಿ, ಮೆತ್ತಗೆ — "ಅವಳಿಗೆ ಗೊತ್ತಿತ್ತಾ?"

ನಾದಿನಿ ಹೇಳಿದಳು. ಸಿಟ್ಟೆಲ್ಲ ಇಳಿದುಹೋಗಿತ್ತು. "ಗೊತ್ತಿತ್ತು. ಒಂದಿನ ಅತ್ತುಬಿಟ್ಟು ನಾನೇ ಹೇಳ್ದೆ. ಅವತ್ತಿಂದ ಶಾಲೆ ಬೀದೀಲಿ ಎತ್ತೋದು ಬಿಟ್ರು. ಬೇರೆ ಬೀದೀಲಿ ಎತ್ತಿದ್ರು."

ಊಟ ಮಾಡದೇ ಹೋದಳು.

ಫೆಬ್ರವರಿ 7

ಎರಡು ವಾರ ಬರೆಯಲಿಲ್ಲ. ಬರೆಯೋಕೆ ಏನಿತ್ತು? ಮನೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಓಡಾಡ್ತಿದ್ದೇವೆ. ಲೈಟ್ ಆರಿಸಿ, ಬಾಗಿಲು ಹಾಕಿ, ಸಾರು ಬಡಿಸಲಾ — ಇಷ್ಟೇ ಮಾತು.

ಆಫೀಸಲ್ಲಿ ಮೇಡಂ ದಿನಾ ಕೇಳ್ತಾರೆ, ನಿಮ್ಮ ಮಾವನ ಪತ್ರ ಬಂತಾ. ಬರುತ್ತೆ ಮೇಡಂ. ನಾಲಿಗೆ ಸುಡುತ್ತೆ.

ನಾನೇ ತಲೆಗೆ ತುಂಬಿದ್ದಾ? ಕೆರೆ ಏರಿ ಮೇಲೆ ಆ ಕಥೆ ಯಾಕೆ ಹೇಳಿದೆ? ಸುಮ್ಮನೆ ನಗಿಸೋಕೆ. ಅಷ್ಟೇನಾ? ಮಾವನ ಹತ್ತಿರ ದುಡ್ಡಿದೆ ಅಂತ ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಎಲ್ಲೋ ಮನಸ್ಸಿನ ಮೂಲೆಯಲ್ಲಿ… ಇಲ್ಲ. ಗೊತ್ತಿಲ್ಲ. ಬಟ್ಟೆ ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ.

ಸಂಜೆ ಬಾಲ್ಕನಿಯಲ್ಲಿ ಮಾವ ತಾವಾಗೇ ಮಾತಾಡಿದರು. ರಸ್ತೆ ನೋಡ್ತಾನೇ. "ಮೂವತ್ತು ವರ್ಷ ಊರವರಿಗೆಲ್ಲ ಹೇಳ್ದೆ, ಕನ್ನಡಿ ನೋಡ್ರೀ, ಹಿಂದೆ ಏನು ಬರ್ತಿದೆ ನೋಡ್ರೀ ಅಂತ. ನನ್ನ ಮನೇಲಿ ನಾನು ನೋಡ್ಲಿಲ್ಲ ನೋಡಮ್ಮಾ."

ಟೀ ತರಲಾ ಅಂದೆ. ಪೆದ್ದಿ.

ಫೆಬ್ರವರಿ 10, ಮಂಗಳವಾರ

ನೀರಿನ ಕಂಪನಿ ಒಪ್ಪಿತು! ಹದಿನೈದು ದಿನ ಅಂದವರು ತಿಂಗಳು ತಗೊಂಡರು, ಆದರೆ ಒಪ್ಪಿದರು. ಅರ್ಧ ಪೂರ್ತಿ ಅವರದೇ. ಲೋಗೋ ಎರಡು ಕಡೆ. ಮಾವನ ದುಡ್ಡು ಬೇಡವೇ ಬೇಡ!

ಫೈಲ್ ಎತ್ತಿಕೊಂಡು ಇಲ್ಲಪ್ಪನವರ ಕೋಣೆಗೆ ಓಡಿದೆ. ಓದಿದರು. ಕನ್ನಡಕ ಹಣೆಗೇರಿಸಿದರು.

"ಡಬ್ಬಿ ಆಯ್ತು. ಖಾಲಿ ಮಾಡೋರು ಯಾರು?"

"ಸರ್?"

"ಹಿಂದೆ ಡಬ್ಬಿ ಇರಲಿಲ್ವಾ ಊರಲ್ಲಿ? ಇತ್ತು. ಇಟ್ರು, ಫೋಟೋ ತೆಗೆಸ್ಕೊಂಡ್ರು, ಎತ್ತೋಕೆ ಜನ ಇಲ್ಲ. ತುಂಬಿ ನಾತ ಬಂತು. ಜನಾನೇ ಬಂದು ತೆಗೆಸಿ ಅಂತ ಗಲಾಟೆ ಮಾಡಿದ್ರು. ಡಬ್ಬಿ ಒಂದು ಸಲದ ಖರ್ಚು. ಎತ್ತೋದು ದಿನಾ ಖರ್ಚು. ಎರಡು ವರ್ಷ ಎತ್ತೋಕೆ ಎಲ್ಲಿಂದ ದುಡ್ಡು ಅಂತ ಬರೀದೇ ಇದ್ರೆ ಮೇಲೆ ಪಾಸ್ ಮಾಡಲ್ಲ. ಓದಿ ನೋಡಿ, ಸರ್ಕಾರದ ಆದೇಶದ ಕೊನೇ ಪುಟ."

ಓದಿದೆ. ಇದೆ. ಮೊದಲೂ ಓದಿದ್ದೆ, ತಲೆಗೆ ಹೋಗಿರಲಿಲ್ಲ.

"ನಮ್ಮ ಬಜೆಟ್‌ನಲ್ಲಿ ಸರ್…"

"ಇಲ್ಲಪ್ಪ."

ಕಂಪನಿಯವನಿಗೆ ಫೋನ್ ಮಾಡಿದೆ. ಪಾಪ, ಒಳ್ಳೇ ಮನುಷ್ಯ, ಮುಚ್ಚುಮರೆ ಇಲ್ಲದೆ ಹೇಳಿದ. "ಎತ್ತೋದಕ್ಕೆ ನಮ್ಮವರು ಕೊಡಲ್ಲ ಮೇಡಂ. ಅದರ ಮೇಲೆ ಲೋಗೋ ಎಲ್ಲಿ ಹಾಕೋದು?"

ಫೆಬ್ರವರಿ 11

ಬಟ್ಟೆ ಒಣಹಾಕುವಾಗ ಹೊಳೀತು. ಕ್ಲಿಪ್ಪು ಬಾಯಲ್ಲಿತ್ತು, ಹಾಗೇ ನಿಂತುಬಿಟ್ಟೆ.

ಎತ್ತೋ ಕೆಲಸಕ್ಕೆ ಹೆಸರು ಹಾಕೋಕೆ ಜಾಗವೇ ಇಲ್ಲ. ಅದಕ್ಕೇ ಯಾರೂ ಕೊಡಲ್ಲ. ನಮ್ಮ ಮನೆಯಲ್ಲಿ ಬೇಡವಾಗಿರೋದೂ ಹೆಸರೇ.

ಮಾವನ ದುಡ್ಡು ಅದಕ್ಕೆ ಹೋದರೆ? ಒಂದು ಗಾಡಿ, ಇಬ್ಬರು ಆಳು, ಎರಡು ವರ್ಷ. ಕೂಡಿ ನೋಡಿದೆ. ಆಗುತ್ತೆ. ಮಿಕ್ಕುತ್ತೆ ಕೂಡ, ನಾದಿನಿಯ ಕುರ್ಚಿಗಳಿಗೆ ಸಾಕಾಗೋವಷ್ಟು.

ಇವರಿಗೆ ಹೇಳಿದೆ. "ಡಬ್ಬಿ, ಗಾಡಿ ಮೇಲೆ ಹೆಸರು ಎಲ್ಲೂ ಬರಲ್ವಾ?" ಎಲ್ಲೂ ಬರಲ್ಲ. "ಹಾಗಾದ್ರೆ ನಂದೇನೂ ಇಲ್ಲ." ಆಮೇಲೆ, "ಅಪ್ಪಂಗೆ ಯಾರು ಹೇಳೋದು?"

ನಾನೇ. ಇನ್ಯಾರು.

ಫೆಬ್ರವರಿ 15, ಭಾನುವಾರ

ನಾಲ್ಕು ದಿನ ಮುಂದೂಡಿದೆ. ಇವತ್ತು ಹೇಳಿದೆ.

ಮಾವ ಉಗುರು ಕತ್ತರಿಸಿಕೊಳ್ತಾ ಕೂತಿದ್ದರು, ಪೇಪರ್ ಹಾಸಿಕೊಂಡು. ನಾನು ಮಾತು ಜೋಡಿಸಿಕೊಂಡು ಹೋಗಿದ್ದೆ. ಎಲ್ಲ ಕಲಸಿಹೋಯಿತು. ಡಬ್ಬಿ ಕಂಪನಿಯದು ಮಾವ, ಎತ್ತೋದಕ್ಕೆ ಯಾರೂ ಇಲ್ಲ, ಎತ್ತದೇ ಇದ್ದರೆ ಡಬ್ಬಿ ಇದ್ದೂ ಇಲ್ಲದ ಹಾಗೆ, ನಿಜವಾದ ಕೆಲಸ ಅದೇ, ಅತ್ತೆ ಮಾಡ್ತಿದ್ದದ್ದೂ ಅದೇ ಅಲ್ವಾ… ಮಾರ್ಕೆಟಿಂಗ್ ಮ್ಯಾನೇಜರ್ ಥರ ಮಾತಾಡ್ತಿದ್ದೆ. ನನ್ನ ದನಿ ನನಗೇ ಸಹಿಸೋಕಾಗಲಿಲ್ಲ.

ಪೂರ್ತಿ ಕೇಳಿದರು. "ಹೆಸರು?"

"ಇರಲ್ಲ ಮಾವ. ದಾನಿಗಳು ಅಂತ ಫೈಲಲ್ಲಿರುತ್ತೆ. ಹೊರಗೆ ಯಾರಿಗೂ ಕಾಣಲ್ಲ."

"ಕಾಣಬಾರದು ಅಂತಾನೇ ತಾನೇ ಎಲ್ಲರಿಗೂ ಬೇಕಾಗಿರೋದು." ಸಿಟ್ಟಿಲ್ಲ. ಅದೇ ಕಷ್ಟ. ಸಿಟ್ಟಿದ್ದರೆ ಬೈಸಿಕೊಂಡು ಹಗುರಾಗಬಹುದಿತ್ತು. "ಬದುಕಿದ್ದಾಗ ಬೀದಿ ಬದಲಾಯಿಸಿದ್ಲು. ಈಗ ಹೆಸರೂ ಬಿಟ್ಕೊಡಬೇಕು. ಆಗಲಿ. ಎಲ್ಲಿ ಸೈನ್ ಮಾಡ್ಬೇಕು?"

ಇನ್ನೂ ಕಾಗದ ತಂದಿಲ್ಲ ಮಾವ ಅಂದೆ.

"ತಂದಿದ್ದೀಯ."

ತಂದಿದ್ದೆ. ಬ್ಯಾಗಿನಲ್ಲಿತ್ತು. ಪಾರ್ಸಲ್ ತಗೊಂಡು ಸೈನ್ ಮಾಡೋ ಹಾಗೆ, ಓದದೇ ಮಾಡಿದರು. ಉಗುರಿನ ಪೇಪರ್ ಮಡಿಸಿಕೊಂಡು ಒಳಗೆ ಹೋದರು.

ಕೆಲಸ ಆಯಿತು. ಏನೋ ಕದ್ದುಕೊಂಡು ಬಂದ ಹಾಗಿದೆ.

ಫೆಬ್ರವರಿ 16

ನಾದಿನಿಗೆ ಫೋನ್ ಮಾಡಿದೆ. ಕುರ್ಚಿಗೂ ದುಡ್ಡು ಉಳಿಯುತ್ತೆ ಅಂದೆ. "ಅಪ್ಪನ ದುಡ್ಡು, ಅಪ್ಪನ ಇಷ್ಟ." ಬಾಗಿಲು ಹಾಕಿದ ಹಾಗೆ. ಇಟ್ಟುಬಿಟ್ಟಳು.

ಇಲ್ಲಪ್ಪನವರು ಫೈಲ್ ನೋಡಿ, ಸೀಲ್ ಒತ್ತಿ, "ಹೂಂ" ಅಂದರು. ಆಫೀಸಿನಲ್ಲಿ ಸುದ್ದಿಯಾಯಿತು, ಇಲ್ಲಪ್ಪ ಹೂಂ ಅಂದರಂತೆ! ಎಲ್ಲರೂ ನನ್ನ ಬೆನ್ನು ತಟ್ಟಿದರು. ನಗುಮುಖ ಹೊತ್ತುಕೊಂಡು ಸುಸ್ತಾಯಿತು.

ಮಾರ್ಚ್ 26

ಮಂಜೂರಾಯಿತು.

ಮನೆಗೆ ಬಂದು ಹೇಳಿದೆ. ಮಾವ, "ಒಳ್ಳೇದಾಯ್ತಮ್ಮಾ" ಅಂದು ಟಿವಿ ದನಿ ಸ್ವಲ್ಪ ಹೆಚ್ಚು ಮಾಡಿದರು.

ಮೇ 5, ಮಂಗಳವಾರ

ಡಬ್ಬಿ ಬಂದವು. ಕಸಕ್ಕೆ ಹಸಿರು, ಮರುಬಳಕೆಗೆ ನೀಲಿ. ಬೆಳಗ್ಗೆ ಆರಕ್ಕೇ ಹೋಗಿ ಬೋಲ್ಟ್ ಹಾಕುವವರ ತಲೆ ತಿಂದೆ. ಇಲ್ಲಿ ಬೇಡ, ಮರದ ಬೇರಿದೆ. ಅಲ್ಲಿ ಬೇಡ, ಬಸ್ಸಿನ ಬಾಗಿಲು ಬರುತ್ತೆ. ಮಧ್ಯಾಹ್ನ ಮೇಡಂ ರಿಬ್ಬನ್ ಕತ್ತರಿಸಿದರು. ಕಂಪನಿಯವನು ಖಾಲಿ ಬಾಟಲಿ ಹಾಕಿ ಫೋಟೋ ತೆಗೆಸಿಕೊಂಡ, ಮೂರು ಸಲ. ಮೊದಲೆರಡು ಸಲ ಲೋಗೋಗೆ ಅಡ್ಡಬಂದಿತ್ತಂತೆ ಅವನ ಹೊಟ್ಟೆ.

ಮಾವನನ್ನು ಕರೆದೆ. ಮಂಡಿ ನೋವು ಅಂದರು. ಸಂಜೆ ಪೇಪರ್ ತರೋಕೆ ಮಾತ್ರ ಹೋದರು. ನೋಡಿದೆ ಬಾಲ್ಕನಿಯಿಂದ. ಮಾರ್ಕೆಟ್ ರಸ್ತೆ ಬಿಟ್ಟು, ಹಿಂದಿನ ಗಲ್ಲಿಯಿಂದ ಸುತ್ತು ಹಾಕಿಕೊಂಡು. ನೋವಿರುವ ಮಂಡಿಯಲ್ಲಿ ಅಷ್ಟು ದೂರ.

ಮೇ 12

ಆಫೀಸಿಗೆ ಹೋಗೋ ದಾರಿ ಈಗ ಎರಡರಷ್ಟು ಹೊತ್ತು ಹಿಡಿಯುತ್ತೆ. ಪ್ರತಿ ಡಬ್ಬಿಗೂ ಇಣುಕ್ತೀನಿ. ನೀಲಿಯಲ್ಲಿ ಹಣ್ಣಿನ ಸಿಪ್ಪೆ, ಹಸಿರಲ್ಲಿ ಬಾಟಲಿ. ಒಂದರಲ್ಲಿ ಒಂಟಿ ಬೂಟು. ಇನ್ನೊಂದು ಬೂಟು ಎಲ್ಲಿ ಹೋಯಿತು? ಇದನ್ನೇ ಯೋಚನೆ ಮಾಡ್ತಾ ಜನನ ದಾಖಲೆಯಲ್ಲಿ ಒಂದು ಮಗುವನ್ನು ನಾಳೆಯ ತಾರೀಕಿಗೆ ಹುಟ್ಟಿಸಿಬಿಟ್ಟಿದ್ದೆ.

ಗಾಡಿ ಬೆಳಗ್ಗೆ ಬರುತ್ತೆ, ಸಂಜೆ ಬರುತ್ತೆ. ಎತ್ತುತ್ತಾರೆ. ಬಂದಿತಾ ಅಂತ ಕಿಟಕಿಗೆ ಹೋಗೋದು, ಬಂದ ಮೇಲೆ ನಾಳೆ ಬರುತ್ತಾ ಅಂತ ಯೋಚನೆ. ಇವರು ಅಂದರು, "ನಿನ್ನ ಕಾಲಿಗೆ ಚಕ್ರ ಕಟ್ಟಿದ್ದಾರೆ. ಕೂತ್ಕೋ ಸ್ವಲ್ಪ."

ಹೇಗೆ ಕೂರಲಿ. ಎರಡು ವರ್ಷ ಆದ ಮೇಲೆ?

ಮೇ 20

ಅಂಗಡಿ ಮುಚ್ಚಿ ಇವರು ನನ್ನ ಜೊತೆ ನಡೆದು ಬಂದರು. ಶಾಲೆ ಬೀದಿ. ಗೇಟಿನ ಪಕ್ಕ ಒಂದು ಜೋಡಿ ಇದೆ. ಹಸಿರು ಡಬ್ಬಿಯ ಹೊರಗೆ ಒಂದು ಕಾಗದದ ಉಂಡೆ ಬಿದ್ದಿತ್ತು, ಗುರಿ ತಪ್ಪಿದ್ದು. ಇವರು ಮಾತಾಡ್ತಾ ಮಾತಾಡ್ತಾ ಅದನ್ನು ದಾಟಿ ಹೋದರು. ನಾಲ್ಕು ಹೆಜ್ಜೆ ಹೋಗಿ ಮಾತು ನಿಲ್ಲಿಸಿದರು. ವಾಪಸ್ ಬಂದರು. ಬಗ್ಗಿ ಎತ್ತಿ ಹಾಕಿದರು. ನನ್ನ ಮುಖ ನೋಡಲಿಲ್ಲ.

ಅಂಗಡಿ ಸಾಲದ ಮಾತು, ಫ್ರೇಮಿನ ಮಾತು ಮುಂದುವರೀತು. ಮನೆಯಲ್ಲಿ ಕೈ ತೊಳೆಯೋದು ಮಾತ್ರ ತುಂಬ ಹೊತ್ತು ಕೇಳಿಸ್ತಿತ್ತು.

ಮಾವ ಇನ್ನೂ ಹಿಂದಿನ ಗಲ್ಲಿಯಿಂದಲೇ.

ಮೇ 29

ಆಸ್ಪತ್ರೆಗೆ ಕುರ್ಚಿಗಳು ಹೋದವು. ಅವುಗಳ ಮೇಲೆ ಅತ್ತೆಯ ಹೆಸರಿದೆ, ಹಿತ್ತಾಳೆ ಪಟ್ಟಿ. ಮಾವ ಅದನ್ನು ನೋಡಲು ಹೋದರು, ಕೂತರು, ಬಂದರು. ಚೆನ್ನಾಗಿವೆ ಅಂದರು. ಸೋಫಾ ಅಂಗಡಿಗೆ ಹೋಗಿ ಬಂದವರು ಹೇಳೋ ಹಾಗೆ.

ಜೂನ್ 7, ಭಾನುವಾರ, ಸಂಜೆ

ಬೇಗ ಬರೀತೀನಿ.

ನಾದಿನಿ ಸಂಜೆ ಬಂದಳು, ಹೇಳದೇ ಕೇಳದೇ. ಜನವರಿಯ ನಂತರ ಈ ಮನೆಗೆ ಈಗಲೇ. ಬ್ಯಾಗ್ ಕುರ್ಚಿ ಮೇಲೆ ಎಸೆದಳು. ಮುಖ ಕೆಂಪು. ಮತ್ತೇನು ಗ್ರಹಚಾರ ಅಂತ ನಾನು ಸೌಟು ಹಿಡಿದೇ ಹೊರಗೆ ಬಂದೆ.

"ಬಸ್ ಸ್ಟ್ಯಾಂಡಲ್ಲಿ ಒಬ್ಬ ಅಪ್ಪಾ. ಇಸ್ತ್ರಿ ಶರ್ಟು, ದೊಡ್ಡ ಮನುಷ್ಯನ ಥರ. ಡಬ್ಬಿ ತೋರಿಸಿಕೊಂಡು ಪಕ್ಕದವನಿಗೆ ಹೇಳ್ತಿದ್ದ. ಇದೆಲ್ಲ ನಾಲ್ಕು ದಿನದ ಆಟ, ಇಡೋಕೆ ದುಡ್ಡಿರುತ್ತೆ, ಎತ್ತೋಕೆ ಯಾರಿರ್ತಾರೆ, ಮುಂದಿನ ತಿಂಗಳು ನೋಡಿ ನಾತ ಹೊಡೆಯುತ್ತೆ ಅಂತ. ನಗ್ತಿದ್ದ."

ಮಾವ ಟಿವಿ ಆರಿಸಿದರು.

"ನಂಗೆ ಏನಾಯ್ತೋ ಗೊತ್ತಿಲ್ಲ. ಹೋಗಿ ಅವನ ಮುಂದೆ ನಿಂತೆ. ಎತ್ತೋದಕ್ಕೆ ನಮ್ಮಮ್ಮ ಇದ್ದಾರೆ ಅಂದೆ."

ಇವರು ಒರೆಸ್ತಿದ್ದ ಫ್ರೇಮು ಕೆಳಗಿಟ್ಟರು.

"ಹಾಗೇ ಬಂದುಬಿಡ್ತು ಬಾಯಿಗೆ. ಇದ್ದಾರೆ ಅಂತ. ಯಾರ್ರೀ ನಿಮ್ಮಮ್ಮ ಅಂದ. ಹೆಸರು ಹೇಳ್ದೆ. ಪೂರ್ತಿ ಹೆಸರು, ನಿಮ್ಮ ಹೆಸರೂ ಸೇರಿಸಿ. ಇಡೀ ಬಸ್ ಸ್ಟ್ಯಾಂಡ್ ತಿರುಗಿ ನೋಡ್ತು. ಅಲ್ಲಿದ್ದ ಒಬ್ಬ ಮುದುಕಿ 'ಓ, ಅವರಾ! ಚೀಲ ಹಿಡ್ಕೊಂಡು ಬರೋರು' ಅಂತ ನನ್ನ ಕೈ ಹಿಡ್ಕೊಂಡುಬಿಟ್ರು. ಬಿಡ್ಲೇ ಇಲ್ಲ. ಬಸ್ಸೂ ಹೋಯ್ತು ನಂದು." ಬೈಯ್ಯೋ ಹಾಗೆ ಹೇಳಿದಳು, ಯಾರ ಮೇಲೋ ದೂರು ತಂದವಳ ಥರ. ಆಮೇಲೆ ಮುಖ ಮುಚ್ಚಿಕೊಂಡಳು.

ಇವರು ನೀರು ತಂದುಕೊಟ್ಟರು. ಲೋಟ ಅವಳ ಕೈಯಲ್ಲೇ ಇತ್ತು, ಕುಡಿಯಲಿಲ್ಲ.

ಮಾವ ಮಗಳ ತಲೆ ಮೇಲೆ ಕೈಯಿಟ್ಟು, ತೆಗೆದರು. ಎದ್ದು ಒಳಗೆ ಹೋಗಿ ಶರ್ಟು ಬದಲಾಯಿಸಿ ಬಂದರು. ಚಪ್ಪಲಿ ಹುಡುಕಿದರು.

"ಎಲ್ಲಿಗೆ ಮಾವ?"

"ಯಾವ ಡಬ್ಬಿ ಹತ್ತಿರ ಅಂತ ಇವಳು ತೋರಿಸ್ತಾಳೆ. ಸಂಜೆ ಗಾಡಿ ಎಷ್ಟೊತ್ತಿಗೆ ಬರುತ್ತಮ್ಮಾ?"

ಈಗಲೇ ಅಂದೆ. ಇನ್ನೇನು ಬಂದೇಬಿಡುತ್ತೆ.

ಮೂವರೂ ಇಳಿದರು. ನಾನು ಗ್ಯಾಸ್ ಆರಿಸಿ ಬರ್ತೀನಿ ಅಂತ ಹಿಂದೆ ಉಳಿದೆ, ಉಳಿದು ಇದನ್ನು ಬರೀತಾ ಕೂತಿದ್ದೀನಿ, ಹುಚ್ಚಿ. ಕೆಳಗಿಂದ ಮಾವ ಕೂಗ್ತಿದ್ದಾರೆ. ಗಾಡಿ ತಿರುವಿಗೆ ಬಂತಂತೆ, ಬೇಗ ಬಾ ಅಂತ, ನೀನಿಲ್ದೆ ನಾವು ಹೇಗೆ —